ಮಗಳ ಡಿಗ್ರಿಗೆ ಆರು ಲಕ್ಷ ಸಾಲ ಮಾಡಬೇಕೇ?

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ಸಹಕಾರಿ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೇನೆ. ಸಂಬಳ 34,000, ಪಿಎಫ್ ಎಲ್ಲ ಕಳೆದು ಕೈಗೆ 29,000 ಬರುತ್ತದೆ. ಒಂದೂಮುಕ್ಕಾಲು ಎಕ್ರೆ ಅಡಿಕೆ ತೋಟವಿದೆ. ಮದ್ದು, ಗೊಬ್ಬರ, ಆಳಿನ ಖರ್ಚು ಹೋಗಿ ವರ್ಷಕ್ಕೆ ಒಂದೂವರೆ ಲಕ್ಷ ಉಳಿದರೆ ದೊಡ್ಡದು. ಮಗಳು ಹತ್ತರವರೆಗೆ ಕನ್ನಡ ಮಾಧ್ಯಮ, ಈಗ ಪ್ಲಸ್ ಟು ಕಾಮರ್ಸ್‌ನಲ್ಲಿ ಶೇ. 84. ಮಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಿಸಿಎ ಮಾಡುತ್ತೇನೆ ಎನ್ನುತ್ತಾಳೆ. ಫೀಸು ವರ್ಷಕ್ಕೆ 90,000, ಹಾಸ್ಟೆಲ್ ತಿಂಗಳಿಗೆ 8,000. ಸೀಟು ಹಿಡಿಯಲು 25,000 ಕಟ್ಟಿಯೂ ಆಗಿದೆ. ಮಗ ಹತ್ತನೇ ಕ್ಲಾಸು. ನಮಗೆ ಜಾತಿ ಮೀಸಲಾತಿ ಇಲ್ಲ. ನಾನು ಪ್ರಿ-ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದವ. ಈಗ ಡಿಗ್ರಿ ಇಲ್ಲದಿದ್ದರೆ ಏನೂ ಆಗುವುದಿಲ್ಲ ಎನ್ನುವುದು ನಿಜವೇ? ಬ್ಯಾಂಕ್ ಸಾಲ ಮಾಡಲೇ, ಬಂಗಾರ ಅಡವಿಡಲೇ, ಚಿಟ್ಟಿ ಹಿಡಿಯಲೇ?

ಉತ್ತರ: ಡಿಗ್ರಿ ಬೇಕು. ಆದರೆ ಆರು ಲಕ್ಷದ ಡಿಗ್ರಿಯೇ ಬೇಕೆಂದಿಲ್ಲ. ಯಾವ ಕೆಲಸಕ್ಕೆ ಹೋಗುವುದು ಎಂದು ಮೊದಲು ನೋಡಿ, ಆ ಕೆಲಸ ಯಾವ ಡಿಗ್ರಿ ಕೇಳುತ್ತದೆ ಎಂದು ತಿಳಿದು, ಕಾಲೇಜನ್ನು ಕೊನೆಗೆ ಆರಿಸಬೇಕು. ನಮ್ಮ ಊರುಗಳಲ್ಲಿ ನಡೆಯುವುದು ಇದರ ತಿರುಗುಮುರುಗು. ಫಲಿತಾಂಶ ಬಂದ ವಾರದಲ್ಲೇ ಸೀಟು ಹಿಡಿದು, ಆಮೇಲೆ ದುಡ್ಡು ಹುಡುಕಿ, ಮೂರು ವರ್ಷ ಕಳೆದ ಮೇಲೆ ಕೆಲಸ ಯಾವುದೆಂದು ಯೋಚಿಸುತ್ತಾರೆ.

ನಿಮ್ಮ ಕಾಲಕ್ಕೂ ಈಗಕ್ಕೂ ಇರುವ ವ್ಯತ್ಯಾಸ ಸ್ವಲ್ಪ ಬಿಡಿಸಿ ಹೇಳಬೇಕು. ಕೇರಳ ಪಿಎಸ್‌ಸಿಯ (ಸರಕಾರಿ ಹುದ್ದೆ ತುಂಬುವ ಲೋಕಸೇವಾ ಆಯೋಗ) ಎಲ್‌ಡಿ ಕ್ಲರ್ಕ್ ಹುದ್ದೆಗೆ ಬೇಕಾದ ಅರ್ಹತೆ ಇಂದಿಗೂ ಎಸ್‌ಎಸ್‌ಎಲ್‌ಸಿ. ಆದರೆ ಪರೀಕ್ಷೆಗೆ ಕೂರುವವರಲ್ಲಿ ಡಿಗ್ರಿ ಆದವರು, ಎಂ.ಎ. ಆದವರು, ಬಿ.ಟೆಕ್ ಆದವರು ತುಂಬಿರುತ್ತಾರೆ. ಕಾಗದದಲ್ಲಿ ಅರ್ಹತೆ ಏರಿಲ್ಲ, ಸ್ಪರ್ಧೆ ಏರಿದೆ. ಖಾಸಗಿಯಲ್ಲಿ ಅದು ಕಾಗದದಲ್ಲೂ ಏರಿದೆ. ಅಂಗಡಿಯ ಬಿಲ್ಲಿಂಗ್‌ಗೂ ಆಸ್ಪತ್ರೆಯ ರಿಸೆಪ್ಶನ್‌ಗೂ ‘ಡಿಗ್ರಿ ಆಗಿರಬೇಕು’ ಎಂದು ಬರೆಯುತ್ತಾರೆ. ಆ ಕೆಲಸಕ್ಕೆ ಡಿಗ್ರಿಯ ಪಾಠ ಬೇಕಾಗಿಲ್ಲ; ನೂರು ಅರ್ಜಿಯನ್ನು ಇಪ್ಪತ್ತಕ್ಕೆ ಇಳಿಸಲು ಒಂದು ಜರಡಿ ಬೇಕು, ಅಷ್ಟೇ. ಇದಕ್ಕೆ ತಿರುವಾದ ಒಂದು ಉದಾಹರಣೆಯೂ ಕೇರಳದಲ್ಲೇ ಇದೆ. ಪಿಎಸ್‌ಸಿಯ ಲಾಸ್ಟ್ ಗ್ರೇಡ್ ಹುದ್ದೆಗೆ ಡಿಗ್ರಿ ಆದವರು ಅರ್ಜಿಯನ್ನೇ ಹಾಕುವಂತಿಲ್ಲ. ಡಿಗ್ರಿಯವರು ಬಂದು ಏಳನೇ ಕ್ಲಾಸಿನವರ ಹುದ್ದೆಯನ್ನೂ ತುಂಬಿಬಿಡುತ್ತಾರೆಂದು ಹಾಕಿದ ಬೇಲಿ ಅದು.

ಈಗ ಬಾಗಿಲುಗಳನ್ನು ನೋಡೋಣ. ‘ಯಾವುದೇ ಡಿಗ್ರಿ’ ಸಾಕು ಎನ್ನುವ ಹುದ್ದೆಗಳೇ ನಿಮ್ಮ ಮಗಳಂಥವರಿಗೆ ಹೆಚ್ಚು. ಬ್ಯಾಂಕುಗಳಿಗಾಗಿ ಪರೀಕ್ಷೆ ನಡೆಸುವ ಐಬಿಪಿಎಸ್ ಮೂಲಕ ಆಗುವ ಬ್ಯಾಂಕ್ ಕ್ಲರ್ಕ್ ಮತ್ತು ಆಫೀಸರ್ ಹುದ್ದೆ, ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್, ಕೇಂದ್ರ ಸರಕಾರಿ ಹುದ್ದೆಗಳಿಗೆ ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆಯವು, ಕೇರಳದ ಸೆಕ್ರೆಟೇರಿಯೇಟ್ ಅಸಿಸ್ಟೆಂಟ್, ಯೂನಿವರ್ಸಿಟಿ ಅಸಿಸ್ಟೆಂಟ್, ಎಲ್ಲವೂ ಈ ಗುಂಪಿಗೆ ಸೇರಿದವು. ಇಲ್ಲಿ ಮಂಗಳೂರಿನ 90,000 ಫೀಸಿನ ಬಿಸಿಎಗೂ ಕಾಸರಗೋಡು ಸರಕಾರಿ ಕಾಲೇಜಿನ ಡಿಗ್ರಿಗೂ ಒಂದೇ ಬೆಲೆ. ಅರ್ಜಿಯಲ್ಲಿ ಕಾಲೇಜಿನ ಹೆಸರಿಗೆ ಅಂಕವಿಲ್ಲ.

ಬ್ಯಾಂಕ್ ಕ್ಲರ್ಕ್ ಹುದ್ದೆಯಲ್ಲಿ ನಿಮ್ಮ ಮಗಳಿಗೆ ಒಂದು ಅನುಕೂಲವಿದೆ, ಅದನ್ನು ನಮ್ಮವರು ಎಷ್ಟೋ ಸಲ ಮರೆತೇಬಿಡುತ್ತಾರೆ. ಕ್ಲರ್ಕ್ ನೇಮಕಾತಿ ರಾಜ್ಯವಾರು ನಡೆಯುತ್ತದೆ, ಒಬ್ಬರು ಒಂದೇ ರಾಜ್ಯಕ್ಕೆ ಅರ್ಜಿ ಹಾಕಬಹುದು, ಆ ರಾಜ್ಯದ ಭಾಷೆ ಓದಿ ಬರೆದು ಮಾತಾಡಲು ಬರಬೇಕು. ವಾಸ ಎಲ್ಲಿ ಎಂಬುದು ಅಡ್ಡಿಯಲ್ಲ. ಹತ್ತರವರೆಗೆ ಕನ್ನಡ ಓದಿದ ಕಾಸರಗೋಡಿನ ಹುಡುಗಿ ಕರ್ನಾಟಕದ ಹುದ್ದೆಗೆ ಅರ್ಜಿ ಹಾಕಬಹುದು. ಮಲಯಾಳ ಓದಿ ಬರೆಯಲು ಗಟ್ಟಿ ಇದ್ದರೆ ಕೇರಳದ್ದಕ್ಕೂ ಹಾಕಬಹುದು. ಯಾವ ವರ್ಷ ಎಲ್ಲಿ ಹುದ್ದೆ ಹೆಚ್ಚಿದೆಯೋ ಅಲ್ಲಿಗೆ. ವಯಸ್ಸು 20ರಿಂದ 28. ಹತ್ತರ ಅಂಕಪಟ್ಟಿಯಲ್ಲಿ ಕನ್ನಡ ಇರುವ ಪುಟವನ್ನು ಈಗಲೇ ಎರಡು ಕಾಪಿ ಮಾಡಿಸಿ ಇಡಿ. ಮಲಯಾಳ ಮಾತಾಡಲು ಬಂದು ಬರೆಯಲು ಬಾರದ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಡಿಗ್ರಿಯ ಮೂರು ವರ್ಷದಲ್ಲಿ ಅದನ್ನು ಸರಿ ಮಾಡಿಕೊಳ್ಳಲು ಹೇಳಿ. ಖರ್ಚಿಲ್ಲದೆ ಎರಡು ರಾಜ್ಯದ ಬಾಗಿಲು ತೆರೆಯುವ ಉಪಾಯ ಇದೊಂದೇ.

ನೀವು ಇರುವ ಕ್ಷೇತ್ರದ ಬಾಗಿಲು ನಿಮಗೇ ಗೊತ್ತು. ಸಹಕಾರಿ ಸಂಘಗಳ ಜೂನಿಯರ್ ಕ್ಲರ್ಕ್ ಹುದ್ದೆಗೆ ಎಸ್‌ಎಸ್‌ಎಲ್‌ಸಿ ಜತೆಗೆ ಜೆಡಿಸಿ (ಸಹಕಾರದ ಜೂನಿಯರ್ ಡಿಪ್ಲೊಮಾ) ಬೇಕು, ಅಥವಾ ಡಿಗ್ರಿ ಜತೆಗೆ ಎಚ್‌ಡಿಸಿ (ಸಹಕಾರದ ಹೈಯರ್ ಡಿಪ್ಲೊಮಾ) ಬೇಕು. ಸಹಕಾರವನ್ನು ಐಚ್ಛಿಕವಾಗಿ ಓದಿದ ಬಿ.ಕಾಂ. ಇದ್ದರೆ ಈ ಡಿಪ್ಲೊಮಾಗಳ ಹಂಗಿಲ್ಲ. ಅಂದರೆ ಬಿ.ಕಾಂ. ಸೇರುವಾಗ ‘ಕೋ-ಆಪರೇಶನ್’ ಇದೆಯೋ ‘ಕಂಪ್ಯೂಟರ್ ಅಪ್ಲಿಕೇಶನ್’ ಮಾತ್ರವೋ ಎಂಬ ಒಂದು ಪದ ಮುಂದೆ ಒಂದು ವರ್ಷದ ಓದನ್ನು ಉಳಿಸುತ್ತದೆ, ಇಲ್ಲವೇ ನುಂಗುತ್ತದೆ. ವಿಶ್ವವಿದ್ಯಾಲಯದ ಸೀಟು ಅಲಾಟ್‌ಮೆಂಟಿಗೆ ಆಯ್ಕೆ ತುಂಬಿಸುವಾಗ, ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದ ಹುಡುಗ ಅವಸರದಲ್ಲಿ ‘ಎರಡೂ ಬಿ.ಕಾಂ. ಅಲ್ಲವಾ’ ಎನ್ನುತ್ತಾನೆ. ಅಲ್ಲ. ಪರದೆಯನ್ನು ನಿಮ್ಮ ಕಡೆ ತಿರುಗಿಸಿ ನೀವೇ ಓದಿ.

ಕನ್ನಡವೇ ಅರ್ಹತೆಯಾಗಿರುವ ಬಾಗಿಲು ಇನ್ನೊಂದು. ಕಾಸರಗೋಡು ಜಿಲ್ಲೆಗೆಂದು ಪಿಎಸ್‌ಸಿ ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ) ಶಿಕ್ಷಕರನ್ನೂ ಹೈಸ್ಕೂಲಿನ ಗಣಿತ, ಸಮಾಜ ವಿಜ್ಞಾನದ ಕನ್ನಡ ಮಾಧ್ಯಮ ಶಿಕ್ಷಕರನ್ನೂ, ಕನ್ನಡ-ಮಲಯಾಳ ಎರಡೂ ಬಲ್ಲ ಕ್ಲರ್ಕುಗಳನ್ನೂ ಬೇರೆಯಾಗಿ ಕರೆಯುತ್ತದೆ. ಎಲ್‌ಪಿ ಶಿಕ್ಷಕಿಯಾಗಲು ಡಿಗ್ರಿಯೇ ಬೇಡ. ಪ್ಲಸ್ ಟು ಆದ ಮೇಲೆ ಎರಡು ವರ್ಷದ ಡಿ.ಎಲ್.ಎಡ್. ಶಿಕ್ಷಕ ತರಬೇತಿ, ಜತೆಗೆ ಕೇರಳದ ಶಿಕ್ಷಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಒಂದನೇ ಕೆಟಗರಿ. ಮಾಯಿಪ್ಪಾಡಿಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ) ಓದಿ, ಡಿಗ್ರಿಯನ್ನು ಆಮೇಲೆ ಶ್ರೀನಾರಾಯಣ ಗುರು ಓಪನ್ ಯೂನಿವರ್ಸಿಟಿಯಲ್ಲೋ ಇಗ್ನೋದಲ್ಲೋ ಮಾಡಿಕೊಳ್ಳಬಹುದು. ಇದನ್ನು ಕಣ್ಣುಮುಚ್ಚಿ ಶಿಫಾರಸು ಮಾಡಲಾರೆ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆಯಾದ ಶಾಲೆಯಲ್ಲಿ ಡಿವಿಷನ್ ಬಿದ್ದರೆ ಹುದ್ದೆಯೂ ಬೀಳುತ್ತದೆ. ರ್‍ಯಾಂಕ್ ಲಿಸ್ಟಿನಲ್ಲಿ ಹೆಸರಿದ್ದೂ ಅವಧಿ ಮುಗಿಯುವವರೆಗೆ ಕರೆ ಬಾರದವರಿದ್ದಾರೆ. ಪಾಠ ಮಾಡುವ ಆಸೆ ಇದ್ದರೆ ಮಾತ್ರ ಈ ದಾರಿ.

ಪಿಎಸ್‌ಸಿಯ ವಿಷಯದಲ್ಲಿ ಒಂದು ಸಣ್ಣ ಎಚ್ಚರ. ಅದರ ವೆಬ್‌ಸೈಟಿನ ‘ತುಳಸಿ’ ಪ್ರೊಫೈಲಿನಲ್ಲಿ ಅರ್ಜಿ ಹಾಕಿದರೆ ಮುಗಿಯುವುದಿಲ್ಲ. ಪರೀಕ್ಷೆ ಪ್ರಕಟವಾದಾಗ ‘ಬರೆಯುತ್ತೇನೆ’ ಎಂದು ಕನ್ಫರ್ಮೇಶನ್ ಕೊಡಬೇಕು. ಅದು ಕೊಡದ ಅರ್ಜಿ ತಿರಸ್ಕೃತವಾಗುತ್ತದೆ. ವರ್ಷವಿಡೀ ಓದಿದ ಮಕ್ಕಳು ಈ ಒಂದು ಗುಂಡಿ ಒತ್ತದೆ ಹೊರಗುಳಿಯುತ್ತಾರೆ. ಪ್ರೊಫೈಲನ್ನು ಅಕ್ಷಯದವರ ಫೋನ್ ನಂಬರಿನಲ್ಲಿ ಮಾಡಿಸಿದ್ದರೆ ಮೆಸೇಜು ಮನೆಗೆ ಬರುವುದೇ ಇಲ್ಲ.

ಕೊನೆಯ ಬಾಗಿಲು, ಆ ಡಿಗ್ರಿಯೇ ಕೆಲಸಕ್ಕೆ ಲೈಸೆನ್ಸ್ ಆಗಿರುವುದು: ನರ್ಸಿಂಗ್, ಬಿ.ಎಡ್., ಫಾರ್ಮಸಿ, ಲ್ಯಾಬ್ ಟೆಕ್ನಾಲಜಿ ಇಂಥವು. ಸಾಲ ಮಾಡುವುದಾದರೆ ಇಂಥದ್ದಕ್ಕೆ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಇಲ್ಲಿ ಡಿಗ್ರಿ ಇಲ್ಲದವರು ಆ ಕೆಲಸ ಮಾಡುವಂತೆಯೇ ಇಲ್ಲ. ಬಿಸಿಎ ಈ ಜಾತಿಯದ್ದಲ್ಲ. ಬಿಸಿಎ ಓದಿದವಳ ಸಂಬಳ ಅವಳಿಗೆ ಬರುವ ಕೋಡಿಂಗಿಗೆ ಸಿಗುತ್ತದೆಯೇ ಹೊರತು ಪ್ರಮಾಣಪತ್ರಕ್ಕಲ್ಲ.

ಇನ್ನು ಲೆಕ್ಕ. ನೀವು ಕೊಟ್ಟ ಅಂಕಿಗಳನ್ನೇ ಹಿಡಿಯೋಣ. ಫೀಸು 90,000 ಮೂರು ವರ್ಷಕ್ಕೆ 2,70,000. ಹಾಸ್ಟೆಲ್ ತಿಂಗಳಿಗೆ 8,000ದಂತೆ ಹತ್ತು ತಿಂಗಳು, ಮೂರು ವರ್ಷಕ್ಕೆ 2,40,000. ಲ್ಯಾಪ್‌ಟಾಪ್ 45,000. ಪರೀಕ್ಷಾ ಫೀಸು, ಪುಸ್ತಕ, ಓಡಾಟಕ್ಕೆ ವರ್ಷಕ್ಕೆ 15,000 ಇಟ್ಟರೆ 45,000. ಒಟ್ಟು ಸರಿಯಾಗಿ 6,00,000. ಫೀಸಿನಷ್ಟೇ ದೊಡ್ಡದಾಗಿ ಕೂತಿರುವುದು ಹಾಸ್ಟೆಲ್ ಎಂಬುದನ್ನು ಗಮನಿಸಿ.

ಇದಷ್ಟನ್ನೂ ಬ್ಯಾಂಕಿನಿಂದ ವರ್ಷಕ್ಕೆ ಎರಡು ಲಕ್ಷದಂತೆ ತೆಗೆದರೆ ಏನಾಗುತ್ತದೆ? ಬಡ್ಡಿ ಶೇ. 10 ಎಂದು ಇಟ್ಟುಕೊಳ್ಳಿ. ಓದುವ ಮೂರು ವರ್ಷ ಮತ್ತು ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಸಾದಾ ಬಡ್ಡಿ ಏರುತ್ತಲೇ ಇರುತ್ತದೆ. ಮೊದಲ ಎರಡು ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 80,000, ಎರಡನೆಯದಕ್ಕೆ 60,000, ಮೂರನೆಯದಕ್ಕೆ 40,000. ಒಟ್ಟು 1,80,000. ಕಂತು ಶುರುವಾಗುವ ದಿನ ಸಾಲ ಆರಲ್ಲ, 7,80,000. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,300. ಹದಿನೈದು ವರ್ಷಕ್ಕೆ ಎಳೆದರೆ ಕಂತು 8,400ರ ಹತ್ತಿರ ಇಳಿಯುತ್ತದೆ, ಆದರೆ ಕಟ್ಟುವ ಮೊತ್ತ ಹದಿನೈದು ಲಕ್ಷ ಮೀರುತ್ತದೆ.

ಕಂತು ಮೊದಲ ಸಂಬಳದ ಕಾಲು ಭಾಗ ಮೀರಬಾರದು ಎಂದು ನಾನು ಲೆಕ್ಕ ಹಾಕುತ್ತೇನೆ. ಬಾಡಿಗೆ, ಊಟ, ಬಸ್ಸು ಕಳೆದು ಹುಡುಗಿಯ ಕೈಯಲ್ಲಿ ಏನಾದರೂ ಉಳಿಯಬೇಕಲ್ಲ. 10,300 ಕಂತಿಗೆ 41,000 ಸಂಬಳ ಬೇಕು. ಬಿಸಿಎ ಮುಗಿಸಿದ ಮೊದಲ ವರ್ಷಕ್ಕೆ ಅಷ್ಟು ಸಿಗುವವರು ಇದ್ದಾರೆ, ಆದರೆ ಅದನ್ನು ನಂಬಿ ಸಾಲಪತ್ರಕ್ಕೆ ಸಹಿ ಹಾಕಬಾರದು. ಕಾಲೇಜಿನ ಗೇಟಿನಲ್ಲಿ ಫ್ಲೆಕ್ಸ್ ಹಾಕಿರುವ ದೊಡ್ಡ ಸಂಬಳ ಯಾವಾಗಲೂ ಒಬ್ಬರದು. ನೀವು ಕೇಳಬೇಕಾದ್ದು ಬೇರೆ: ಕಳೆದ ಬ್ಯಾಚಿನಲ್ಲಿ ಎಷ್ಟು ಮಂದಿ ಇದ್ದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರನ್ನು ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ನಡುವಿನವನಿಗೆ ಎಷ್ಟು? ಉತ್ತರ ಬಾರದಿದ್ದರೆ ಅದೇ ಉತ್ತರ. ಬಿಸಿಎ, ಬಿಬಿಎ ಕೋರ್ಸುಗಳು 2024-25ರಿಂದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಆ ಅನುಮೋದನೆಯ ಪತ್ರ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆ ಎರಡನ್ನೂ ಕೇಳಿ ನೋಡಿ. ‘ಆಡ್-ಆನ್ ಕೋರ್ಸ್’, ಸಮವಸ್ತ್ರ, ಡಿಪಾಸಿಟ್ ಫೀಸಿನ ಒಳಗೋ ಹೊರಗೋ ಎಂದು ಬರೆಸಿಕೊಳ್ಳಿ.

ನಿಮ್ಮ ಕಷ್ಟದ ಗಂಟು ಎಲ್ಲಿದೆ ಎಂದರೆ, ನೀವು ಹಲವು ಮಿತಿಗಳಿಗಿಂತ ಒಂದು ಗೇಣು ಮೇಲಿದ್ದೀರಿ. ಸಂಬಳ ವರ್ಷಕ್ಕೆ 4,08,000, ತೋಟದ್ದು 1,50,000, ಒಟ್ಟು 5,58,000. ಪ್ಲಸ್ ಟುವಿನಲ್ಲಿ ಮುಂದಿರುವವರಿಗೆ ಕೇಂದ್ರ ಸರಕಾರ ಕೊಡುವ ವರ್ಷಕ್ಕೆ 12,000 ರೂಪಾಯಿಯ ಸ್ಕಾಲರ್‌ಶಿಪ್ಪಿಗೆ ಆದಾಯ ಮಿತಿ 4,50,000. ಓದುವ ಅವಧಿ ಮತ್ತು ನಂತರದ ಒಂದು ವರ್ಷದ ಸಾಲದ ಬಡ್ಡಿಯನ್ನು ಕೇಂದ್ರವೇ ಪೂರ್ತಿ ಭರಿಸುವ ಯೋಜನೆಗೂ ಅದೇ 4,50,000. ಕೇಂದ್ರದ ಶಿಕ್ಷಣ ಸಾಲ ಯೋಜನೆಯಾದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಮಿತಿ 8,00,000, ಹತ್ತು ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ. ಆದರೆ ಅದು ಪಟ್ಟಿಯಲ್ಲಿರುವ ಆಯ್ದ ಸಂಸ್ಥೆಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೇರಿದವರಿಗೆ ಇಲ್ಲ. ಮುಂದೆ ಮಗಳು ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಸುರತ್ಕಲ್‌ನ ಎನ್‌ಐಟಿಕೆಗೋ ಸ್ನಾತಕೋತ್ತರಕ್ಕೆ ಹೋದರೆ ಅದು ನೆನಪಿರಲಿ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ಜಾತಿ ಮೀಸಲಾತಿ ಇಲ್ಲದವರಿಗೆ ಇರುವ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಎರಡು ಬಗೆಯದು, ಮಾನದಂಡವೂ ಬೇರೆಬೇರೆ. ಕೇರಳ ಸರಕಾರದ್ದಕ್ಕೆ ಕುಟುಂಬದ ಆದಾಯ 4,00,000ದ ಒಳಗಿರಬೇಕು, ಪಂಚಾಯತಿನಲ್ಲಿ ಜಾಗ ಎರಡೂವರೆ ಎಕ್ರೆ ಮೀರಬಾರದು. ಜಾಗದಲ್ಲಿ ಪಾಸಾಗಿ ಆದಾಯದಲ್ಲಿ ನೀವು ಹೊರಬೀಳುತ್ತೀರಿ. ಕೇಂದ್ರದ್ದಕ್ಕೆ ಆದಾಯ 8,00,000, ಕೃಷಿಭೂಮಿ 5 ಎಕ್ರೆಗಿಂತ ಕಡಿಮೆ. ಇದರಲ್ಲಿ ನೀವು ಒಳಗೆ ಬರುತ್ತೀರಿ. ಕಣ್ಣಿಡಬೇಕಾದ ಷರತ್ತು ಮನೆ ನಿವೇಶನದ್ದು: ಹಳ್ಳಿಯಲ್ಲಿ 200 ಚದರ ಗಜ, ಅಂದರೆ ಸುಮಾರು 4 ಸೆಂಟ್, ಅದನ್ನು ಮುಟ್ಟುವ ನಿವೇಶನ ಇರಬಾರದು ಎಂದಿದೆ. ತೋಟದ ನಡುವಿನ ಮನೆಯ ಅಂಗಳವನ್ನು ಹೇಗೆ ಲೆಕ್ಕ ಹಿಡಿಯುತ್ತಾರೆ ಎಂದು ತಾಲೂಕು ಕಚೇರಿಯಲ್ಲೇ ಕೇಳಿ. ಸಿಕ್ಕಿದರೆ ಐಬಿಪಿಎಸ್, ಎಸ್‌ಎಸ್‌ಸಿ, ರೈಲ್ವೆ ಎಲ್ಲಕ್ಕೂ ಶೇ. 10ರ ಮೀಸಲು ಪಟ್ಟಿಗೆ ಮಗಳು ಸೇರುತ್ತಾಳೆ. ಪ್ರತಿ ಹಣಕಾಸು ವರ್ಷಕ್ಕೂ ಹೊಸ ಪ್ರಮಾಣಪತ್ರ ಬೇಕು. ಹಳತು ಕೊಟ್ಟು ದಾಖಲೆ ಪರಿಶೀಲನೆಯಲ್ಲಿ ಬಿದ್ದವರಿದ್ದಾರೆ.

ಹಾಸ್ಟೆಲ್ ಇಲ್ಲದೆ ಮಂಗಳೂರಿನಲ್ಲಿ ಓದಲು ಆಗುತ್ತದೆಯೇ ನೋಡಿ. ಬದಿಯಡ್ಕದಿಂದ ಸೀತಾಂಗೋಳಿ ಮೂಲಕ ಕುಂಬಳೆಗೆ ಬಸ್ಸಿದೆ, ಕುಂಬಳೆಯಿಂದ ರೈಲು. ಮನೆಯಿಂದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿನಿಯರಿಗೆ ಡಿಗ್ರಿಯವರೆಗೆ ರೈಲ್ವೆ ಎರಡನೇ ದರ್ಜೆಯ ಮಾಸಿಕ ಸೀಸನ್ ಟಿಕೆಟನ್ನು ಉಚಿತವಾಗಿ ಕೊಡುತ್ತದೆ. ಹುಡುಗರಿಗೆ ಇದು ಹನ್ನೆರಡರವರೆಗೆ ಮಾತ್ರ. ಕಾಲೇಜಿನವರಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ತಂದು ಸ್ಟೇಷನ್ನಿನಲ್ಲಿ ಕೊಡಬೇಕು. ಅಷ್ಟು ದೂರ ದಿನಾ ಓಡಾಡುವುದು ಸುಲಭವಲ್ಲ, ಮಳೆಗಾಲದಲ್ಲಂತೂ ಬೆಳಗ್ಗೆ ಕತ್ತಲಲ್ಲೇ ಹೊರಡಬೇಕಾಗುತ್ತದೆ. ಕಾಲೇಜು ಮಂಗಳೂರು ಸೆಂಟ್ರಲಿಗೆ ಹತ್ತಿರವಿದ್ದರೆ ಆದೀತು. ಕೊಣಾಜೆಯ ಕಡೆಗೋ ಸುರತ್ಕಲ್ಲಿನ ಕಡೆಗೋ ಇದ್ದರೆ ಬೇಡ. ಸೇರಿಸುವ ಮುನ್ನ ರಜೆಯಲ್ಲದ ಒಂದು ದಿನ, ಕಾಲೇಜಿನ ಹೊತ್ತಿಗೇ, ಅಪ್ಪ ಮಗಳು ಇಬ್ಬರೂ ಒಮ್ಮೆ ಹೋಗಿ ಬನ್ನಿ.

ಹಾಸ್ಟೆಲ್ ತೆಗೆದರೆ ಖರ್ಚು 3,60,000ಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪ್ ಮತ್ತು ಸಣ್ಣಪುಟ್ಟದ್ದನ್ನು ತೋಟದ ಹಣದಿಂದ ಮಾಡಿ, ಫೀಸಿಗೆ ಮಾತ್ರ ಸಾಲ ಮಾಡಿ, ಅಂದರೆ 2,70,000. ಇಲ್ಲಿ ನಿಯಮವೂ ನಿಮ್ಮ ಪರವಾಗಿ ತಿರುಗುತ್ತದೆ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಕೈಯಿಂದ ಪಾಲು ಹಾಕಬೇಕಾಗಿಲ್ಲ, ಅಡಮಾನವಿಲ್ಲ. ಅದು ಮೀರಿದರೆ ಶೇ. 5 ನಿಮ್ಮದು. ಏಳೂವರೆ ಲಕ್ಷ ಮೀರಿದರೆ ಆಸ್ತಿಯ ಅಡಮಾನ ಬರುತ್ತದೆ. ಮ್ಯಾನೇಜರು ‘ತೋಟದ ಆಧಾರ ತನ್ನಿ’ ಎಂದರೆ, ಏಳೂವರೆಯವರೆಗೆ ಸರಕಾರದ ಕ್ರೆಡಿಟ್ ಗ್ಯಾರಂಟಿ ಇದೆಯಲ್ಲ ಎಂದು ಮೆಲ್ಲಗೆ ನೆನಪಿಸಿ. ‘ನಿಮ್ಮ ಊರು ನಮ್ಮ ಬ್ರಾಂಚಿಗೆ ಬರುವುದಿಲ್ಲ’ ಎಂಬ ಕಾರಣಕ್ಕೂ ಶಿಕ್ಷಣ ಸಾಲ ನಿರಾಕರಿಸುವಂತಿಲ್ಲ. ನಿಜವಾಗಿ ಅಡ್ಡ ಬರುವುದು ನಿಮ್ಮ ಹಳೆ ಸಾಲಗಳ ದಾಖಲೆಯಾದ ಸಿಬಿಲ್, ಏಕೆಂದರೆ ನೀವು ಸಹ-ಸಾಲಗಾರರು. ಹಳೆ ಕೃಷಿ ಸಾಲ ನವೀಕರಿಸದೆ ಬಿಟ್ಟದ್ದು, ನೆಂಟರಿಗೆ ಜಾಮೀನು ನಿಂತದ್ದು ಎಲ್ಲ ಅಲ್ಲಿ ಕಾಣುತ್ತದೆ. ಅರ್ಜಿಗೆ ಮೊದಲೇ ತೆಗೆಸಿ ನೋಡಿ.

ಆ 2,70,000ಕ್ಕೆ ಕಂತು ಶುರುವಾಗುವಾಗ ಬಡ್ಡಿ 81,000 ಸೇರಿ 3,51,000 ಆಗುತ್ತದೆ, ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 4,640. ಕಾಲು ಭಾಗದ ಲೆಕ್ಕಕ್ಕೆ 18,500 ಸಂಬಳ ಸಾಕು. ಓದುವಾಗಲೇ ಬಡ್ಡಿ ಕಟ್ಟುತ್ತ ಹೋದರೆ ಮೊದಲ ವರ್ಷ ತಿಂಗಳಿಗೆ 750, ಎರಡನೇ ವರ್ಷ 1,500, ಆಮೇಲೆ 2,250. ಆಗ ಕಂತು 3,570ಕ್ಕೆ ಇಳಿಯುತ್ತದೆ. ಹೀಗೆ ಕಟ್ಟುವವರಿಗೆ ಹಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ. 1 ಬಿಡುತ್ತವೆ, ಕೇಳಿ ಬರೆಸಿಕೊಳ್ಳಿ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ, ಅದು ಹಳೆ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಬಂಗಾರದ ವಿಷಯ. ಅಡಿಕೆ ಮನೆಗಳ ತೊಂದರೆ ಆದಾಯದ ಮೊತ್ತಕ್ಕಿಂತ ಅದು ಬರುವ ತಿಂಗಳಿನದು. ಫೀಸು ಜೂನ್-ಜುಲೈಯಲ್ಲಿ. ಆಗಲೇ ಮೈಲುತುತ್ತು, ಸುಣ್ಣ, ಮದ್ದು ಬಿಡುವವರ ಸಂಬಳ. ಕೊಯ್ಲು ನವೆಂಬರಿನಿಂದ, ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಒಣಗಿ, ಸುಲಿದು, ಚಾಲಿ ಮಾರುವಾಗ ಜನವರಿ ದಾಟುತ್ತದೆ. ಈ ಏಳು ತಿಂಗಳ ಹೊಳೆ ದಾಟಲು ಬಂಗಾರದ ಸಾಲ ಒಳ್ಳೆಯ ಸಂಕ. 40,000 ತೆಗೆದು ಏಳು ತಿಂಗಳಲ್ಲಿ ಬಿಡಿಸಿದರೆ ಶೇ. 10ರಂತೆ ಬಡ್ಡಿ 2,300ರಷ್ಟು. ಮೂರು ವರ್ಷದ ಫೀಸಿಗೆ ಬಂಗಾರ ಇಟ್ಟು ವರ್ಷ ವರ್ಷ ತಿರುಗಿಸಿ ಇಡುವುದು ಮಾತ್ರ ಬೇಡ, ಅದು ಬಿಡಿಸಿಕೊಂಡು ಬರುವ ಬಂಗಾರವಲ್ಲ. ಬಡ್ಡಿಯೇ ಬೇಡವೆಂದರೆ ಈ ವರ್ಷದ ಚಾಲಿಯಲ್ಲಿ ಒಂದೂವರೆ ಕ್ವಿಂಟಲ್ ಮುಂದಿನ ಜೂನಿಗೆಂದೇ ಎತ್ತಿಡಿ. ಹಳತಾದರೆ ಚೋಲು ಎಂದು ಧಾರಣೆಯೂ ಸ್ವಲ್ಪ ಮೇಲೆ. ಒಳಗೆ ಪ್ಲಾಸ್ಟಿಕ್ ಹಾಳೆ ಇರುವ ಗೋಣಿಯಲ್ಲಿ ಗಾಳಿಯಾಡದಂತೆ ಕಟ್ಟಿ ಅಟ್ಟದಲ್ಲಿಡಬೇಕು, ನೆಲದಲ್ಲಿಟ್ಟರೆ ಮಳೆಗಾಲದ ತಂಡಿಗೆ ಬೂಸರು ಬಂದು ಹುಳ ಕೊರೆಯುತ್ತದೆ.

ಚಿಟ್ಟಿ ಮಗನಿಗೆ ಸರಿ, ಮಗಳಿಗೆ ತಡವಾಯಿತು. ಕೇರಳ ಸರಕಾರದ ಚಿಟ್ಟಿ ಸಂಸ್ಥೆ ಕೆಎಸ್‌ಎಫ್‌ಇಯಲ್ಲಿ ತಿಂಗಳಿಗೆ 5,000ದಂತೆ 50 ತಿಂಗಳ 2,50,000 ರೂಪಾಯಿಯ ಚಿಟ್ಟಿ ಎಂದು ಇಟ್ಟುಕೊಳ್ಳಿ. ಮೊದಲ ತಿಂಗಳುಗಳಲ್ಲಿ ಎಲ್ಲರಿಗೂ ದುಡ್ಡು ಬೇಕು, ಆದ್ದರಿಂದ ಹರಾಜು ಶೇ. 30ರ ಗರಿಷ್ಠ ಕಡಿತಕ್ಕೆ ಹೋಗಿ ಮುಟ್ಟುತ್ತದೆ, ಹಲವರಿದ್ದರೆ ಚೀಟಿ ಎತ್ತುತ್ತಾರೆ. ಸಿಕ್ಕಿದರೂ ಕೈಗೆ 1,75,000. ಕಡಿತದ 75,000ದಲ್ಲಿ ಕಮಿಷನ್ ಶೇ. 5, ಅಂದರೆ 12,500 ಹೋಗಿ, ಉಳಿದದ್ದು 50 ಮಂದಿಗೆ ತಲಾ 1,250 ಹಂಚಿ ಆ ತಿಂಗಳ ಕಂತು 3,750 ಆಗುತ್ತದೆ. ಹಣ ಎತ್ತಲು ಜಾಮೀನು ಬೇರೆ ಕೊಡಬೇಕು. ಈ ಜೂನಿನ ಫೀಸಿಗೆ ಇದನ್ನು ನಂಬಿದರೆ ಆಗುವುದಿಲ್ಲ. ಎತ್ತದೆ ಕಾದು ನಡುವೆಯೋ ಕೊನೆಗೋ ಪಡೆಯುವವನಿಗೆ ಚಿಟ್ಟಿ ಲಾಭ. ಮಗ ಈಗ ಹತ್ತರಲ್ಲಿದ್ದಾನೆ, ಅವನ ಡಿಗ್ರಿಗೆ ಇನ್ನೂ ಮೂರು ವರ್ಷವಿದೆ. ಅವನಿಗೆ ಯಂತ್ರದಲ್ಲಿ ಆಸಕ್ತಿ ಇದ್ದರೆ ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿ.ಟೆಕ್ ಎಂಬ ದಾರಿಯನ್ನೂ ನೋಡಿ.

ಊರಿನ ಸರಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಫೀಸು, ಬಸ್ಸು, ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ 20,000 ಇಟ್ಟರೂ ಮೂರು ವರ್ಷಕ್ಕೆ 60,000, ಲ್ಯಾಪ್‌ಟಾಪ್ ಸೇರಿಸಿದರೆ 1,05,000. ಸಾಲವೇ ಇಲ್ಲದೆ ಮುಗಿಯುತ್ತದೆ. ‘ಕೇರಳದಲ್ಲಿ ಈಗ ಡಿಗ್ರಿ ನಾಲ್ಕು ವರ್ಷ, ಕರ್ನಾಟಕದಲ್ಲಿ ಮೂರೇ’ ಎಂದು ಹೆದರಿ ಮಂಗಳೂರಿಗೆ ಓಡುವವರಿದ್ದಾರೆ. 2024ರಿಂದ ಕಣ್ಣೂರು ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಪದ್ಧತಿ ಬಂದದ್ದು ನಿಜ, ಆದರೆ ಮೂರು ವರ್ಷಕ್ಕೆ ಡಿಗ್ರಿ ಪಡೆದು ಹೊರಬರಬಹುದು. ನಾಲ್ಕನೆಯದು ಆನರ್ಸ್ ಬೇಕಾದವರಿಗೆ. ತಿರುವಾಗಿ, ಮಂಗಳೂರಿನಲ್ಲಿ ಓದಿ ಬಿ.ಎಡ್.ಗೋ ಎಂ.ಕಾಂ.ಗೋ ಈಚೆಗೆ ಬರುವವರು ಮೈಗ್ರೇಶನ್ ಸರ್ಟಿಫಿಕೇಟು, ಸಮಾನತೆಯ ಪತ್ರ ಎಂದು ಅಲೆಯಬೇಕಾಗುತ್ತದೆ. ಆಚೆ ಓದಿದರೆ ಪ್ರತಿ ಸೆಮಿಸ್ಟರಿನ ಅಂಕಪಟ್ಟಿ, ಸಿಲೆಬಸ್ಸಿನ ಪ್ರತಿ ಜೋಪಾನವಾಗಿರಲಿ.

ನನ್ನನ್ನು ಕೇಳಿದರೆ: ಮಗಳಿಗೆ ಕೋಡಿಂಗ್ ನಿಜವಾಗಿ ಹಿಡಿಸಿದೆಯೇ, ಗೆಳತಿಯರು ಹೋಗುತ್ತಾರೆಂದು ಬಿಸಿಎಯೇ ಎಂಬುದನ್ನು ಮೊದಲು ತಿಳಿಯಿರಿ. ಪ್ಲಸ್ ಟುವಿನ ಕಂಪ್ಯೂಟರ್ ಪಠ್ಯದಾಚೆ ಅವಳಾಗಿಯೇ ಏನಾದರೂ ಮಾಡಿದ್ದಾಳೆಯೇ ಕೇಳಿ. ಹೌದಾದರೆ ಹಾಸ್ಟೆಲ್ ಇಲ್ಲದ ಬಿಸಿಎ, 2,70,000ದ ಸಾಲ. ಅಲ್ಲವಾದರೆ ಊರಿನಲ್ಲೇ ಸಹಕಾರ ಇರುವ ಬಿ.ಕಾಂ., ಎರಡನೇ ವರ್ಷದಿಂದ ಬ್ಯಾಂಕ್ ಪರೀಕ್ಷೆಯ ತಯಾರಿ. ಆರು ಲಕ್ಷದ ಯೋಜನೆಯನ್ನು ಎರಡರಲ್ಲೂ ಕೈಬಿಡಿ.

ಕಟ್ಟಿದ 25,000ಕ್ಕಾಗಿ ಮಾತ್ರ ಆ ಕಾಲೇಜಿಗೆ ಸೇರಿಸಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ, ಪ್ರವೇಶದ ಪ್ರಕಟಿತ ಕೊನೆ ದಿನಕ್ಕೆ 15 ದಿನ ಅಥವಾ ಹೆಚ್ಚು ಮೊದಲೇ ಸೀಟು ಬಿಟ್ಟರೆ ಫೀಸು ಪೂರ್ತಿ ವಾಪಸು, ಹೆಚ್ಚೆಂದರೆ ಶೇ. 5, ಅದೂ 5,000 ಮೀರದಂತೆ ಹಿಡಿಯಬಹುದು. 15 ದಿನದೊಳಗಾದರೆ ಶೇ. 90, ಕೊನೆ ದಿನದ ನಂತರ 15 ದಿನದವರೆಗೆ ಶೇ. 80, ಆಮೇಲೆ 30 ದಿನದವರೆಗೆ ಶೇ. 50, ಅದಾದ ಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿ, ಟಿಸಿಗಳನ್ನು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ರಶೀದಿಯ ನಂಬರು ಬರೆದು ಇಮೇಲ್ ಮಾಡಿ, ಅದೇ ದಿನ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ಅಂಚೆ ಕಚೇರಿ ಕೊಟ್ಟ ರಶೀದಿಯನ್ನು ಕಾಲೇಜಿನ ರಶೀದಿಗೆ ಪಿನ್ ಮಾಡಿ ಇಡಿ. ಕಣ್ಣೂರಿನ ಮೊದಲ ಅಲಾಟ್‌ಮೆಂಟ್ ಬರುವವರೆಗೆ ಕಾಯಬಹುದು, ಆದರೆ ಮಂಗಳೂರಿನ ಕೊನೆ ದಿನ ಯಾವುದೆಂದು ಇವತ್ತೇ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ.